ಮೂರು ದ್ರಾಕ್ಷಿಯ ಚೂರು

ಕೊಂಡಪ್ಪನವರನ್ನು ನಾನು ಮೊದಲು ನೋಡಿದ್ದು ಸಾದಲಿಯಲ್ಲಿ, ಆವುಲಪ್ಪನವರ ಹಿಪ್ಪುನೇರಳೆ ತೋಟದಲ್ಲಿ. ನಾವು ನಾಲ್ಕು ಜನ ಹೆಂಗಸರು ಸೊಪ್ಪು ಕೀಳ್ತಾ ಇದ್ದೆವು. ಬಸ್ಸಿಳಿದು ಬಂದ ವಯಸ್ಸಾದವರೊಬ್ಬರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹೊಸದಾಗಿ ಉತ್ತ ಮಣ್ಣನ್ನೇ ನೋಡುತ್ತಿದ್ದರು. ಜೊತೆಯಲ್ಲಿದ್ದ ಕಲ್ಯಾಣಿಯ ಬಾಯಿ ಸುಮ್ಮನಿರದು.

"ಏಮಪ್ಪಾ, ಏನು ಕಳ್ಕೊಂಡೆ?"

"ಗಾಜು," ಅಂದರು. "ಹಸಿರು ಗಾಜಿನ ಚೂರು."

"ಬಿತ್ತಿ ಹೋಗಿದ್ಯಾ? ಮೊಳಕೆ ಬಂದ್ಮೇಲೆ ಹೇಳಿ ಕಳಿಸ್ತೀವಿ, ಹೋಗು."

ಅವರೂ ನಕ್ಕರು. ಆಮೇಲೆ ವಿಷಯ ಹೇಳಿದರು. ಚಿಂತಾಮಣಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಮೂವತ್ತು ವರ್ಷ ಗಾಜು ಕೊಯ್ದವರಂತೆ. ಈಗ ದಿಬ್ಬೂರಹಳ್ಳಿಯ ಮನೆಯಲ್ಲಿ ಕೂತು, ಊರೂರಿಂದ ಒಡೆದ ಹೂದಾನಿ, ದೀಪದ ಗುಂಡು, ಪನ್ನೀರುದಾನಿ ಕೇಳಿ ತಂದು ಕೂಡಿಸುತ್ತಾರೆ. ಮಾರುವುದಿಲ್ಲ. ಆವುಲಪ್ಪನವರ ಅಟ್ಟದ ಟ್ರಂಕಿನಲ್ಲಿ ಒಂದು ಹಸಿರು ಹೂದಾನಿ ಚೂರುಚೂರಾಗಿ ಸಿಕ್ಕಿತಂತೆ, ಮೈಮೇಲೆ ಉಬ್ಬಿದ ದ್ರಾಕ್ಷಿ ಬಳ್ಳಿ ಇರುವುದು. ಅದು ಬಿದ್ದ ಕಾಲದಲ್ಲಿ ದೊಡ್ಡ ಚೂರು ಆಯ್ದಿಟ್ಟು, ಚಿಕ್ಕದನ್ನು ತಿಪ್ಪೆಗೆ ಗುಡಿಸಿದ್ದರು. ಆ ತಿಪ್ಪೆಗೊಬ್ಬರ ಬಂದದ್ದು ಈ ತೋಟಕ್ಕೆ. ಮಿಕ್ಕದ್ದೆಲ್ಲ ಕೂಡಿ, ಎರಡು ಬೆರಳಗಲ ಒಂದು ತೂತು ಉಳಿದಿತ್ತು. ಅಲ್ಲಿ ಮೂರು ದ್ರಾಕ್ಷಿ ಇರಬೇಕು.

"ಸಕ್ಕರೆ ಕಾಯಿಲೆ ಬಲಗಣ್ಣು ತಿಂದಾಯ್ತು," ಅಂದರು. "ಎಡಗಣ್ಣು ಒಂದು ವರ್ಷ ಇದ್ರೆ ಹೆಚ್ಚು ಅಂದ್ರು ಚಿಕ್ಕಬಳ್ಳಾಪುರದ ಡಾಕ್ಟ್ರು. ಅಷ್ಟರಲ್ಲಿ ಇದೊಂದು ತುಂಬಬೇಕು."

ಹುಡುಕಿ ಕೊಡ್ತೀನಿ ಅಂದೆ. ನಮ್ಮೆಜಮಾನರು ಹೋದ ಮೇಲೆ ಸೊಪ್ಪು ಕೀಳೋಕೆ ಬಂದವಳು ನಾನು. ಅದಕ್ಕೆ ಮುಂಚೆ ಶಿಡ್ಲಘಟ್ಟದಲ್ಲಿ ಇಪ್ಪತ್ತೆಂಟು ವರ್ಷ ರೇಷ್ಮೆಗೂಡಿನಿಂದ ನೂಲು ತೆಗೆದೆ. ಬಿಸಿನೀರಿನಲ್ಲಿ ಕಾಣದ ಎಳೆಯ ತುದಿ ಹುಡುಕೋದು, ಹರಿದರೆ ಸೇರಿಸೋದು. ಹುಡುಕೋ ಕೆಲಸಕ್ಕೆ ನನಗೆ ಬೇಸರವಿಲ್ಲ.

ಆ ತೂತಿನ ಅಳತೆ ನೋಡೋಕೆ ಅವರ ಮನೆಗೆ ಹೋದಾಗ, ಅಂಟು ಒಣಗುವ ತನಕ ಚೂರುಗಳಿಗೆ ರಬ್ಬರು ಹಾಕಿ ಬಿಗಿದಿದ್ದರು. ಅದು ಜಾರುತ್ತಿತ್ತು. ಮರುವಾರ ನಾನು ಹುರಿ ಹಾಕದ ರೇಷ್ಮೆ ನೂಲು ಒಯ್ದೆ. ಒದ್ದೆ ಮಾಡಿ ಸುತ್ತಿದರೆ ಅದರ ಗೋಂದೇ ಹಿಡಿದುಕೊಳ್ಳುತ್ತದೆ, ಗಂಟು ಬೇಡ. ಅಲ್ಲಿಂದ ಮುಂದೆ ಅವರು ಬೇರೆ ಏನನ್ನೂ ಕಟ್ಟಲಿಲ್ಲ.

ಒಂದೊಂದು ಸಾಮಾನಿನ ಕೆಳಗೂ ಒಂದು ಚೀಟಿ ಇರುತ್ತಿತ್ತು. ಯಾರ ಮನೆಯದು, ಯಾರು ಕೊಟ್ಟರು, ಎಲ್ಲಿ ಸವೆದಿದೆ, ಎಲ್ಲಿ ತಾವು ತುಂಬಿದ್ದು. ಗೊತ್ತಿಲ್ಲದ್ದನ್ನು ಬರೆಯುತ್ತಿರಲಿಲ್ಲ, ಆ ಸಾಲು ಖಾಲಿ. ಕೇಳಿದ್ದಕ್ಕೆ, "ನಾನು ಸೇರಿಸಿದ್ದನ್ನ ಹಳೇದು ಅಂತ ಯಾರೂ ನಂಬಬಾರದು ಅಕ್ಕಾ," ಅಂದರು.

ದಿನಾ ಕೆಲಸ ಮುಗಿದ ಮೇಲೆ ಒಂದು ಸಾಲು ನೋಡುತ್ತಿದ್ದೆ. ಏಳು ತಿಂಗಳಾಯಿತು. ಮಳೆ ಬಂದ ಮಾರನೇ ದಿನ, ಪಂಪ್‌ಹೌಸಿನಿಂದ ಎರಡನೇ ಸಾಲಿನಲ್ಲಿ ಒಂದು ಹಸಿರು ಮೊನೆ ಕಂಡಿತು. ತೊಳೆದೆ. ಮೂರು ದ್ರಾಕ್ಷಿ, ಈಗ ಕಿತ್ತ ಹಾಗೆ ಹೊಳೆಯುತ್ತಿದ್ದವು. ಅಂಚು ಮಾತ್ರ ಬ್ಲೇಡು. ಸಕ್ಕರೆ ಇರುವವರಿಗೆ ಗಾಯವಾದರೆ ಮಾಯುವುದಿಲ್ಲ, ಇವರೋ ಕಣ್ಣು ಸರಿಯಾಗಿ ಕಾಣದೆ ಬೆರಳಲ್ಲೇ ತಡವುವವರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮರಳು, ನೀರು ಹಾಕಿ ಸುತ್ತಲೂ ಉಜ್ಜಿದೆ, ಅರ್ಧ ಗಂಟೆ. ಕೆನ್ನೆಗೆ ಸವರಿ ನೋಡಿದೆ, ಗೀರಲಿಲ್ಲ. ಆಮೇಲೆ ಸೆರಗಿನ ತುದಿಗೆ ಕಟ್ಟಿಕೊಂಡೆ.

ಕೊಂಡಪ್ಪನವರು ಅದನ್ನು ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ತೂತಿಗೆ ಹಿಡಿದರು. ಸುತ್ತಲೂ ರಾಗಿಕಾಳು ತೂರುವಷ್ಟು ಸಂದು. ಮುರಿದ ಅಂಚು ಮುರಿದ ಹಾಗೇ ಇದ್ದರೆ ಮಾತ್ರ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ ಅನ್ನುವುದು ನನಗೆ ಆಗ ಹೊಳೆಯಿತು. ಎಳೆ ಸೇರಿಸಿ ಬದುಕಿದವಳಿಗೆ ಮೊದಲೇ ಹೊಳೆಯಬೇಕಿತ್ತು.

"ಮಣ್ಣು ಸವೆಸಿಬಿಟ್ಟಿದೆ," ಅಂದರು.

ನಾನು ಹೂಂ ಅಂದೆ.

ಆ ಸಂದಿಗೆ ಅಂಟಿನಲ್ಲಿ ಹಸಿರು ಕಲಸಿ, ಸ್ವಲ್ಪ ಸ್ವಲ್ಪ ಬಿಟ್ಟು, ಹನ್ನೊಂದು ದಿನ ತುಂಬಿದರು. ನೂಲು ಸುತ್ತಿದ್ದು ನಾನೇ. ಹನ್ನೆರಡನೇ ದಿನ ನೀರು ಹುಯ್ದರು, ಒಂದು ಹನಿ ಸೋರಲಿಲ್ಲ. ಅವರ ಹೆಂಡತಿ ಲಕ್ಷ್ಮಿದೇವಮ್ಮ, ಇನ್ನು ಇದಕ್ಕೆ ಹೂವು ಬೇರೆ ನಾನೇ ತರಬೇಕಾ ಅಂತ ಗೊಣಗಿ, ಹೋಗಿ ಚೆಂಡುಹೂವು ತಂದರು. ಎಲ್ಲರೂ ನಗುವಾಗ ನಾನು ಕೆಳಗಿದ್ದ ಚೀಟಿಯನ್ನು ಅಕ್ಷರ ಕೂಡಿಸಿ ಓದಿದೆ. ನನ್ನ ಹೆಸರಿತ್ತು, ತೋಟದ ಹೆಸರಿತ್ತು. ಅಂಚು ಸವೆದದ್ದು ಅಂತ ಬರೆದು, ಯಾವುದರಿಂದ ಅನ್ನುವುದನ್ನು ಖಾಲಿ ಬಿಟ್ಟಿದ್ದರು. ಹೇಳಿಬಿಡೋಣ ಅಂತ ಎಷ್ಟೋ ಸಲ ಹೋದೆ, ನೂಲು ಕೊಟ್ಟು ಕಾಫಿ ಕುಡಿದು ಬಂದೆ.

ಯುಗಾದಿ ಕಳೆದ ಮೇಲೆ ಎಡಗಣ್ಣೂ ಹೋಯಿತು. ಗೌರಿಬಿದನೂರಿನಲ್ಲಿರುವ ಮಗಳು ತನುಜ ಇಬ್ಬರನ್ನೂ ಕರೆದುಕೊಂಡು ಹೋಗೋಕೆ ಬಂದಳು. ನಾನು ಹೋದಾಗ ಸಾಮಾನೆಲ್ಲ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿತ್ತು. ಹಸಿರು ಹೂದಾನಿ ಮಾತ್ರ ಕೊಂಡಪ್ಪನವರ ತೊಡೆಯ ಮೇಲಿತ್ತು. ನನ್ನನ್ನು ಹತ್ತಿರ ಕೂರಿಸಿಕೊಂಡು, ಆ ಮೂರು ದ್ರಾಕ್ಷಿಯ ಸುತ್ತ ಬೆರಳು ಆಡಿಸಿದರು.

"ಮಣ್ಣಲ್ಲಿ ಸವೆದ ಗಾಜು ಮೈಯೆಲ್ಲಾ ಮಂಜಾಗಿರ್ತದೆ ರತ್ನಮ್ಮಕ್ಕ. ಇದು ಬಂದ ದಿನ ಮೈ ಹೊಳೀತಿತ್ತು, ಅಂಚು ಮಾತ್ರ ಮಂಜು."

ದನಿಯಲ್ಲಿ ಸಿಟ್ಟಿರಲಿಲ್ಲ. ತನುಜ ಚೀಟಿ, ಪೆನ್ನು ಹಿಡಿದು ಕಾಯುತ್ತಿದ್ದಳು. ಅವರು ನನ್ನನ್ನು ಕೊನೆಯದಾಗಿ ಕೇಳಿದ್ದು ಇದನ್ನೇ.

"ಆ ಸಾಲು ಇನ್ನೂ ಖಾಲಿ ಇದೆ. ಏನಂತ ಬರೆಸಲಿ ಅಕ್ಕಾ, ಮಣ್ಣು ಸವೆಸಿದ್ದು ಅಂತಲೋ, ಕಲ್ಲು ಸವೆಸಿದ್ದು ಅಂತಲೋ?"