ಪೊರಕೆ ಎಲ್ಲಿ?

ನಮ್ಮೂರಿನಲ್ಲಿ ನಲ್ಲಿಗೆ ನೀರು ಬಿಡುವವರನ್ನು ಈಗಲೂ ನೀರುಗಂಟಿ ಎಂದೇ ಕರೆಯುತ್ತಾರೆ. ಹಿಂದೆ ಕೆರೆಯ ತೂಬು ಎತ್ತುತ್ತಿದ್ದವರಿಗಿದ್ದ ಹೆಸರು ಅದು. ಕೆರೆ ತುಂಬುವುದು ಅಪರೂಪವಾಯಿತು, ಊರ ನಡುವೆ ಕಾಂಕ್ರೀಟಿನ ಟ್ಯಾಂಕ್ ಎದ್ದು ನಿಂತಿತು, ಹೆಸರು ಮಾತ್ರ ಹಾಗೇ ಉಳಿಯಿತು. ನನ್ನ ಗಂಡ ಹದಿನಾಲ್ಕು ವರ್ಷ ಆ ಟ್ಯಾಂಕಿನ ನೀರುಗಂಟಿಯಾಗಿದ್ದರು. ಅವರು ಜೀವ ಕಳೆದುಕೊಂಡದ್ದೂ ಅದರ ಮೇಲಿಂದಲೇ. ಈಗ ಆ ಕೆಲಸ ಮಾಡುತ್ತಿರುವವಳು ನಾನು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕಡೆ ಇಂಥ ಸಾವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಜ್ಜಂಪುರದ ಬಸ್ಸಿನಲ್ಲಿ ಪಕ್ಕ ಕೂತವರು, "ನಿಮ್ಮೆಜಮಾನ್ರು ಹಂಗೆ ಹೋಗ್ಬಿಟ್ರಂತಲ್ಲಮ್ಮಾ" ಅನ್ನುತ್ತಾರೆ. ಹಂಗೆ ಅಂದರೆ ಹೆಂಗೆ ಎಂದು ನಾನು ತಿರುಗಿ ಕೇಳಿದರೆ ಕಿಟಕಿಯ ಆಚೆ ನೋಡುತ್ತಾರೆ. ನನಗೆ ಬಾಯಿ ಜೋರು ಎಂದು ಊರಲ್ಲಿ ಹೆಸರಿದೆ. ಇರಲಿ.

ಟ್ಯಾಂಕ್ ತೊಳೆಯುವುದು ತಿಂಗಳಿಗೊಂದು ಸಲ. ಹಿಂದಿನ ದಿನವೇ ನೀರನ್ನೆಲ್ಲ ಖಾಲಿ ಬಿಟ್ಟು, ಮರುದಿನ ಬೆಳಗ್ಗೆ ಪೊರಕೆ, ಬ್ಲೀಚಿಂಗ್ ಪುಡಿಯ ಡಬ್ಬ, ಬಕೆಟ್ಟು, ಹಗ್ಗ ಹಿಡಿದು ಏಣಿ ಹತ್ತಬೇಕು. ಪೊರಕೆ ಅಂದರೆ ಅಂಗಡಿಯಲ್ಲಿ ತಂದದ್ದಲ್ಲ. ನಮ್ಮ ತೋಟದ ತೆಂಗಿನ ಗರಿ ಸೀಳಿ, ಕಡ್ಡಿ ಒಣಗಿಸಿ, ನನ್ನ ಗಂಡ ತಾವೇ ಕಟ್ಟುತ್ತಿದ್ದರು. ಅದನ್ನು ನಾನು ಮುಟ್ಟುವಂತಿರಲಿಲ್ಲ. ಒಂದು ಸಲ ಮರೆತು ಅಂಗಳ ಗುಡಿಸಿದ್ದಕ್ಕೆ, "ಜನ ಕುಡಿಯೋ ನೀರಿನ ಪೊರಕೆ ಕಣೇ ಅದು, ಸಗಣಿ ನೆಲಕ್ಕೆ ಹಾಕ್ತೀಯಲ್ಲ" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು. "ಅದನ್ನೇ ಕಟ್ಕೊಂಡಿರ್ಬೇಕಿತ್ತು ನೀವು, ನನ್ನ ಯಾಕೆ ಕಟ್ಕೊಂಡ್ರಿ" ಅಂತ ನಾನು ಕಾಡಿಸುತ್ತಿದ್ದೆ. ಅಂದಿನಿಂದ ಮನೆಯಲ್ಲಿ ಆ ಪೊರಕೆಗೆ ಹಿರಿ ಹೆಂಡತಿ ಎಂದೇ ಹೆಸರು. ಮಗಳು ಕೂಡ ಚಿಕ್ಕವಳಿದ್ದಾಗ ದೊಡ್ಡಮ್ಮ ಅನ್ನುತ್ತಿದ್ದಳು.

ಕೊನೆಯ ಆರೇಳು ತಿಂಗಳು ಅವರು ಸರಿಯಿರಲಿಲ್ಲ. ನಿದ್ದೆ ಹತ್ತುತ್ತಿರಲಿಲ್ಲ, ಮುದ್ದೆ ಅರ್ಧ ಬಿಡುತ್ತಿದ್ದರು. ಮಾತು ಕಡಿಮೆಯಾಯಿತು. ಎದೆಯ ಮೇಲೆ ಕಲ್ಲು ಇಟ್ಟಂತಿದೆ ಎಂದು ಒಂದೆರಡು ಸಲ ಹೇಳಿದರು. ನಮ್ಮ ಕಡೆ ಎದೆಯಲ್ಲಿ ಏನಾದರೂ ಅದು ಗ್ಯಾಸ್ಟ್ರಿಕ್ಕೇ. ಬೀರೂರಿನಿಂದ ಮಾತ್ರೆ ತಂದೆವು, ಜೀರಿಗೆ ಕಷಾಯ ಮಾಡಿಕೊಟ್ಟೆ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಡಾಕ್ಟರಿದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ. ಪಿಯುಸಿ ಓದಿದವಳು ನಾನು.

ಅವತ್ತು ಟ್ಯಾಂಕ್ ತೊಳೆಯುವ ದಿನ. ಬೆಳಗ್ಗೆ ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ಅವರೆಕಾಯಿಯ ಕಾಲ, ಒಲೆಯ ಮೇಲೆ ಸಾರು ಕುದಿಯುತ್ತಿತ್ತು. "ಟ್ಯಾಂಕ್ ಹತ್ರ ಹೋಗ್ಬತ್ತೀನಿ" ಎಂದು ಹೇಳಿ ಹೊರಟರು. ಬತ್ತೀನಿ ಎಂದೇ ಹೇಳಿದರು, ಅದರಲ್ಲಿ ಏನೂ ತಪ್ಪಿರಲಿಲ್ಲ. ಬಾಗಿಲಲ್ಲಿ ಬಗ್ಗಿ ನೋಡಿದರೆ ಜಗಲಿಯ ಮೂಲೆಯಲ್ಲಿ ಪೊರಕೆ ಇದೆ, ಬ್ಲೀಚಿಂಗ್ ಡಬ್ಬವೂ ಇದೆ. ಮರೆತಿದ್ದಾರೆ ಅಂದುಕೊಂಡೆ. ಅರ್ಧ ದಾರಿಯಲ್ಲಿ ನೆನಪಾಗಿ ತಿರುಗಿ ಬರುತ್ತಾರೆ, ಬಂದಾಗ ಬಿಡಬಾರದು, "ಹಿರಿ ಹೆಂಡ್ತಿನ ಬಿಟ್ಟೇ ಹೋಗಿದ್ರಲ್ಲ" ಅನ್ನಬೇಕು ಎಂದು ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂತೆ. ಕೂಗಿ ಕರೆಯಬಹುದಿತ್ತು. ಕೂಗಿದರೆ ತಮಾಷೆ ಕೆಡುತ್ತದಲ್ಲ. ಮೂರು ರೊಟ್ಟಿ ಬೆಂದವು. ನಾಲ್ಕನೆಯದು ಹಂಚಿನ ಮೇಲಿದ್ದಾಗ ಬೀದಿಯಲ್ಲಿ ಜನ ಓಡುವುದು ಕೇಳಿಸಿತು.

ಆಮೇಲಿನದನ್ನು ನಾನು ಬರೆಯುವುದಿಲ್ಲ.

ಹದಿನೈದು ದಿನ ಕಳೆದ ಮೇಲೆ ಊರಿನವರು ಟ್ಯಾಂಕಿಗೆ ಶಾಂತಿ ಮಾಡಿಸಿದರು. ತೆಂಗಿನಕಾಯಿ ಒಡೆದು, ಏಣಿಯ ಮೊದಲ ಮೆಟ್ಟಿಲಿಗೆ ಬೇವಿನ ಸೊಪ್ಪು ಕಟ್ಟಿ, ನಿಂಬೆಹಣ್ಣು ನೇತುಹಾಕಿದರು. ಜಾಗದ ದೋಷ ಹೋಯಿತು ಎಂದು ಎಲ್ಲರೂ ಮನೆಗೆ ಹೋದರು. ಪಂಚಾಯ್ತಿಯವರು ನನ್ನ ಗಂಡನ ಕೆಲಸವನ್ನು ನನಗೇ ಕೊಟ್ಟರು. ನಾನು ಮೊದಲ ದಿನ ಟ್ಯಾಂಕಿನ ಕೆಳಗೆ ನಿಂತು ನೋಡುತ್ತೇನೆ, ಒಣಗಿದ ನಿಂಬೆಹಣ್ಣು ಗಾಳಿಗೆ ಆಡುತ್ತಿದೆ. ಅದರ ಹಿಂದೆ ಏಣಿ, ಯಾರು ಬೇಕಾದರೂ ಹತ್ತಬಹುದಾದ ಏಣಿ, ಹಾಗೇ ನಿಂತಿದೆ. ಮೈಯೆಲ್ಲ ಉರಿಯಿತು. ಮನುಷ್ಯನನ್ನು ತಡೆಯುವುದಕ್ಕೆ ನಿಂಬೆಹಣ್ಣು ಕಟ್ಟುತ್ತಾರಾ ಯಾರಾದರೂ?

ಏಣಿಗೆ ಬಾಗಿಲು ಮಾಡಿಸಿ, ಸುತ್ತ ಜಾಲರಿ ಹಾಕಿಸಿ, ಬೀಗ ಜಡಿಯಿರಿ ಎಂದು ಪಂಚಾಯ್ತಿ ಮೀಟಿಂಗಿನಲ್ಲಿ ಕೇಳಿದೆ. ಒಬ್ಬ ಹಿರಿಯ ಮೆಂಬರು ಸಮಾಧಾನದ ದನಿಯಲ್ಲೇ, "ಸಾಯ್ಬೇಕು ಅಂತ ಹೊರಟೋನಿಗೆ ಬಾಗ್ಲು ಅಡ್ಡ ಆಯ್ತದೇನಮ್ಮಾ? ಇಲ್ಲಲ್ದಿದ್ರೆ ಇನ್ನೊಂದ್ಕಡೆ" ಅಂದರು.

"ಕಳ್ಳನಿಗೂ ಬೀಗ ಅಡ್ಡ ಅಲ್ಲ ಕಣಣ್ಣ. ನಿಮ್ಮನೆಗೆ ಯಾಕೆ ಹಾಕ್ತೀರಿ?" ಅಂದೆ.

ಯಾರೋ ನಕ್ಕರು. ನನ್ನ ಗಂಡ ಇನ್ನೊಂದು ಕಡೆ ಹೋಗುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಅದನ್ನು ತಿಳಿಯುವ ದಾರಿಯೂ ಇಲ್ಲ. ಆದರೆ ಏಣಿಯ ಮುಂದೆ ಒಂದು ಬೀಗ ಇದ್ದಿದ್ದರೆ ಅವರು ಕೀ ತರಲು ಮನೆಗೆ ಬರುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಿಸಿಯಿತ್ತು, ನಾನಿದ್ದೆ. ಇದನ್ನು ಮೀಟಿಂಗಿನಲ್ಲಿ ಹೇಳದೆ ಎದ್ದು ಬಂದೆ.

ನಾಲ್ಕು ತಿಂಗಳು ಅಲೆದ ಮೇಲೆ ಒಪ್ಪಿದರು. ಅಳತೆ ಹೇಳಲು ಬೀರೂರಿನ ವೆಲ್ಡಿಂಗ್ ಅಂಗಡಿಗೆ ನಾನೇ ಹೋದೆ. ಅಂಗಡಿಯವನಿಗೆ ನಮ್ಮ ಕಥೆ ಗೊತ್ತಿರಲಿಲ್ಲ. "ಎಷ್ಟು ಎತ್ರ ಮಾಡ್ಲಿ ಅಕ್ಕ?" ಅಂದ. ಊರಲ್ಲಿ ಎಲ್ಲರಿಗಿಂತ ಎತ್ತರದ ಗಂಡಸು ಕೈ ಎತ್ತಿದರೂ ಎಟುಕಬಾರದು ಅಂದೆ. "ಅದೆಷ್ಟು ಅಂತ ಹೆಂಗೆ ಹೇಳ್ಲಿ? ನಿಮ್ಮೆಜಮಾನ್ರು ಎತ್ರ ಇದ್ರೆ ಒಂದಿನ ಕರ್ಕೊಂಬನ್ನಿ, ನಿಲ್ಸಿ ಅಳ್ದುಬಿಡಾನ" ಅಂದ. ನಾನು ಅವನ ಸೀಮೆಸುಣ್ಣ ತೆಗೆದುಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತೆ. ನನ್ನ ತಲೆ ಅವರ ಭುಜಕ್ಕೆ ಬರುತ್ತಿತ್ತು. ಅಲ್ಲಿಂದ ಅವರ ತಲೆ, ತಲೆಯಿಂದ ಮೇಲೆತ್ತಿದ ಕೈ. ಸ್ಟೂಲು ಹತ್ತಿ ಗೀಟು ಎಳೆದೆ. ಅವನು ಗೀಟನ್ನೂ ನನ್ನನ್ನೂ ನೋಡಿ, ಮತ್ತೇನೂ ಕೇಳದೆ ಟೇಪು ಹಿಡಿದ.

ಬಾಗಿಲು ಬಂತು. ಕೀ ಯಾರ ಹತ್ತಿರ ಇರಬೇಕು ಎಂಬ ಮಾತು ಬಂದಾಗ, ನೀರುಗಂಟಿಯ ಹತ್ತಿರವೇ ಇರಲಿ ಎಂದರು. ನಾನು ಬೇಡ ಅಂದೆ. ಕಳೆದುಹಾಕಿಬಿಡುತ್ತೇನೆ ಎಂದು ಸುಳ್ಳು ಹೇಳಿದೆ. ನಿಜ ಏನೆಂದರೆ ನನಗೆ ನನ್ನದೇ ಭಯವಿತ್ತು. ತಿಂಗಳಿಗೊಮ್ಮೆ ಮೇಲೆ ಹೋಗಿ ನಿಂತಾಗ ಒಂದು ಯೋಚನೆ ಬರುತ್ತಿತ್ತು. ಬರುಬರುತ್ತ ಅದು ಕೆಳಗಿದ್ದಾಗಲೂ ಬರತೊಡಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಕಡೆಗೆ ಕೀ ಟ್ಯಾಂಕಿನ ಎದುರಿನ ಚಿಲ್ಲರೆ ಅಂಗಡಿಯ ಅಜ್ಜಿಯ ಹತ್ತಿರ ಇರಲಿ ಎಂದಾಯಿತು.

ಅಜ್ಜಿ ಕೀಯನ್ನು ಸೊಂಟದ ಎಲೆಅಡಿಕೆ ಚೀಲದಲ್ಲಿಟ್ಟುಕೊಳ್ಳುತ್ತಿದ್ದಳು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ಅದನ್ನು ಅಂಗಡಿಯ ಹಲಗೆಯ ಮೇಲೆ ಇಡುವಳು, ನಾನು ಎತ್ತಿಕೊಳ್ಳಬೇಕು. "ನಿನ್ನ ಜೊತೆ ಜಗಳ ಆಡೋ ಶಕ್ತಿ ನಂಗಿಲ್ಲ ಕಣ್ ತಾಯಿ" ಅನ್ನುವಳು.

ಮತ್ತೆ ಅವರೆಕಾಯಿಯ ಕಾಲ ಬಂತು. ಒಂದು ಮಧ್ಯಾಹ್ನ ಮೋಟಾರು ಕೆಟ್ಟು ನೀರು ತಡವಾಯಿತು. ಕೊಡ ಹಿಡಿದು ನಿಂತಿದ್ದ ಹೆಂಗಸೊಬ್ಬಳು, ನನಗೆ ಕೇಳಲಿ ಎಂದೇ, "ಗಂಡನ್ನಂತೂ ಉಳಿಸ್ಕೊಳ್ಲಿಲ್ಲ, ನೀರಾದ್ರೂ ಸರ್ಯಾಗಿ ಬಿಡಬಾರ್ದಾ" ಅಂದಳು. ಆ ಮಾತಿನಿಂದಲೇ ಎಲ್ಲ ಆಯಿತು ಎಂದು ನಾನು ಹೇಳುವುದಿಲ್ಲ. ತುಂಬಿದ ಕೊಡಕ್ಕೆ ಒಂದು ಹನಿ ಬಿತ್ತು ಅಷ್ಟೆ. ಮೋಟಾರು ಸರಿಮಾಡಿ, ನೀರು ಬಿಟ್ಟು, ಮನೆಗೆ ಹೋಗದೆ ನೇರ ಅಜ್ಜಿಯ ಅಂಗಡಿಗೆ ಹೋದೆ.

"ಕೀ ಕೊಡಜ್ಜಿ."

ಅಜ್ಜಿ ಚೀಲಕ್ಕೆ ಕೈ ಹಾಕಿದಳು. ಕೀ ತೆಗೆದಳು. ಹಲಗೆಯ ಮೇಲೆ ಇಡಲು ಹೋಗಿ ಕೈ ನಿಲ್ಲಿಸಿದಳು.

"ಪೊರಕೆ ಎಲ್ಲಿ?"

ನಾನು ಹಲಗೆಯ ಮೇಲೆ ಬರಿಗೈ ಚಾಚಿಕೊಂಡೇ ನಿಂತೆ.

"ಟ್ಯಾಂಕು ಮೊನ್ನೆ ತಾನೆ ತೊಳ್ದಿದ್ದೀಯ. ಬ್ಲೀಚಿಂಗಿಲ್ಲ, ಬಕೆಟ್ಟಿಲ್ಲ. ಪೊರಕೆ ಇಲ್ದೆ ಅಲ್ಲಿಗೆ ಯಾರೇ ಹತ್ತಾರು?"

"ಅವತ್ತು ನಾನು ಕೇಳ್ಲಿಲ್ಲ ಅಜ್ಜಿ," ಅಂದೆ. "ಅವ್ರು ಪೊರಕೆ ಬಿಟ್ಟೋದ್ರು. ನಾನು ನೋಡ್ದೆ. ನೋಡಿ ಸುಮ್ನಿದ್ದೆ."

ವರ್ಷವಿಡೀ ಯಾರಿಗೂ ಹೇಳದ ಮಾತು ಅದು. ಮಗಳಿಗೂ ಹೇಳಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತೆ. ಅಜ್ಜಿ ಸಮಾಧಾನ ಹೇಳುವ ಹೆಂಗಸಲ್ಲ. ಕೀಯನ್ನು ಮತ್ತೆ ಚೀಲಕ್ಕೆ ಹಾಕಿ, ಒಂದು ಮೊರದ ತುಂಬ ಅವರೆಕಾಯಿ ತಂದು ನನ್ನ ಮುಂದಿಟ್ಟಳು. "ಸುಲಿ. ನಾನೂ ಸುಲೀತೀನಿ. ಏನೇನೈತೋ ಎಲ್ಲಾ ಹೇಳು" ಅಂದಳು. ಸಂಜೆಯವರೆಗೆ ಸುಲಿದೆವು. ನಾನು ಹೇಳಿದೆ, ಅವಳು ಕೇಳಿದಳು. ನಡುವೆ ಬೀಡಿ ಬೆಂಕಿಪೊಟ್ಟಣಕ್ಕೆ ಬಂದವರನ್ನು "ಆಮೇಲೆ ಬಾರಪ್ಪ" ಎಂದು ಕಳಿಸಿದಳು. ಕೈಯೆಲ್ಲ ಅವರೆಯ ಸೊಗಡು ಹತ್ತಿತ್ತು. ಸಾಯುವ ಯೋಚನೆ ಹೋಗಿರಲಿಲ್ಲ, ಆದರೆ ಮಧ್ಯಾಹ್ನ ಇದ್ದ ಆತುರ ಅದಕ್ಕಿರಲಿಲ್ಲ. ನನ್ನನ್ನು ಕಾಪಾಡಿದ್ದು ಅವರೆ ಸುಲಿದ ಆ ಹೊತ್ತೇ.

ಕಡೂರಿನ ಹಾಸ್ಟೆಲಿನಲ್ಲಿದ್ದ ಮಗಳನ್ನು ಅಜ್ಜಿಯೇ ಫೋನು ಮಾಡಿಸಿ ಕರೆಸಿದಳು. ಅವರಿಬ್ಬರೂ ಸೇರಿ ನನ್ನನ್ನು ತರೀಕೆರೆಯಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಇದು ಕಾಯಿಲೆ ಕಣಮ್ಮ, ವಾಸಿ ಆಗುತ್ತೆ. ಮಾತ್ರೆ ತಪ್ಪಿಸ್ಬೇಡಿ, ಬಂದು ಮಾತಾಡೋದನ್ನೂ ತಪ್ಪಿಸ್ಬೇಡಿ" ಎಂದರು ಡಾಕ್ಟರು. ತಪ್ಪಿಸಿಲ್ಲ. ಈಗ ನಿದ್ದೆ ಬರುತ್ತದೆ. ಮುದ್ದೆ ಪೂರ್ತಿ ಉಣ್ಣುತ್ತೇನೆ. ಇಷ್ಟು ಮಾತು ನನ್ನ ಗಂಡನಿಗೂ ಯಾರಾದರೂ ಹೇಳಿದ್ದರೆ ಎಂದು ಬಸ್ಸಿನಲ್ಲಿ ಬರುವಾಗಲೆಲ್ಲ ಅನ್ನಿಸುತ್ತದೆ. ಅನ್ನಿಸಿದಾಗಲೆಲ್ಲ ಅಳು ಬರುತ್ತದೆ.

ಹೋದ ತಿಂಗಳು ನನಗೆ ಜ್ವರ ಬಂದು ಮಲಗಿದ್ದೆ. ಟ್ಯಾಂಕ್ ತೊಳೆಯಲು ಪಕ್ಕದ ಹಳ್ಳಿಯ ನೀರುಗಂಟಿಯನ್ನು ಕರೆಸಿದ್ದರು. ಆತ ಬರಿಗೈಯಲ್ಲಿ ಹೋಗಿ ಕೀ ಕೇಳಿದನಂತೆ. ಅಜ್ಜಿ ಕೊಡಲಿಲ್ಲ. "ಪೊರಕೆ ಎಲ್ಲಿ?" ಅಂದಳಂತೆ. "ಇದೊಳ್ಳೆ ಕಥೆ ಆಯ್ತಲ್ಲಜ್ಜಿ, ಪೊರಕೆ ಇಲ್ದಿದ್ರೆ ಕೀ ಇಲ್ವಾ?" ಎಂದು ಗೊಣಗಿಕೊಂಡು ಆತ ನಮ್ಮ ಮನೆಗೆ ಬಂದ. ನಾನು ಮಲಗಿದ್ದಲ್ಲಿಂದಲೇ ಅವನ ಚಪ್ಪಲಿಯ ಸದ್ದು ಕೇಳಿದೆ. ಜಗಲಿಯ ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು, "ಮರ್ತು ಹೋಗಿದ್ದೆ ಕಣಕ್ಕ" ಅಂದ. 

ಅವತ್ತು ಒಲೆಯ ಮುಂದೆ ಕೂತು ನಾನು ಕಾಯುತ್ತಿದ್ದದ್ದು ಇದೇ ಸದ್ದಿಗೆ, ಇದೇ ಮಾತಿಗೆ.