ಡಬ್ಬಿಯೊಳಗಿದ್ದದ್ದು ನನ್ನ ಹಿಟ್ಟು

ಭೀಮವ್ವಾ, ನನ್ನ ಮಗಳು ರೇಣುಕಾಳ ಬಾಣಂತನದಲ್ಲಿ ಹಾಲಿಗೆ ಕಲಸಿ ಕುಡಿಯುವ ಆ ಶೇಕ್ ಡಬ್ಬಿಯೊಳಗೆ ಇದ್ದದ್ದು ಶೇಕ್ ಪುಡಿ ಅಲ್ಲ. ನಾನು ಹುರಿದು ಬೀಸಿದ ಸಜ್ಜೆ, ಪುಟಾಣಿ, ಅಳವಿ ಬೀಜ, ಒಣಶುಂಠಿ. ಡಬ್ಬಿ ಕಂಪನಿಯವರದು, ಹಿಟ್ಟು ನನ್ನದು. ಮೂರು ವರ್ಷ ಈ ಮಾತನ್ನು ನುಂಗಿಕೊಂಡು ಕೂತೆ — ಪಕ್ಕದ ಮನೆಯ ನಿನಗೂ ಹೇಳಲಿಲ್ಲ, ಹೆತ್ತ ಮಗಳಿಗೂ ಹೇಳಲಿಲ್ಲ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಡಬ್ಬಿಯ ಮೇಲಿನ ಇಂಗ್ಲಿಷ್ ಓದಲು ಬರಲಿಲ್ಲ. ಆದರೆ ಹಿಟ್ಟು ನೋಡಲು ಬರುತ್ತದಲ್ಲ! ಅಂಗೈಯಲ್ಲಿ ತಿಕ್ಕಿದೆ, ಜಿಡ್ಡೇ ಇಲ್ಲ. ನಾಲಗೆಗೆ ಹಚ್ಚಿದೆ — ಮೊದಲು ಸಿಹಿ, ಆಮೇಲೆ ಬರೀ ವಾಸನೆ. ಮಾರಲು ಶಹಾಪುರದಿಂದ ಬಂದಿದ್ದ ಮೇಡಂಳನ್ನು ಕೇಳಿಯೂ ಕೇಳಿದೆ.

“ಇದ್ರಾಗ ಏನೇನ್ ಅದ, ತಂಗಿ?”

“ಎಲ್ಲಾ ಅದ್ರಿ ಅವ್ವಾರ. ಇದೊಂದ್ ಕುಡದ್ರ ಒಂದ್ ಹೊತ್ತಿನ ಊಟ ಬಿಟ್ರೂ ನಡೀತದ.”

ಬಾಣಂತಿಗೆ ಊಟ ಬಿಡು ಅನ್ನುತ್ತಾಳೆ! ಮೈ ಉರಿದುಹೋಯಿತು. ಆದರೆ ರೇಣುಕಾ ಹಟ ಹಿಡಿದಿದ್ದಳು. ನನ್ನ ಗಂಜಿ ಕಂಡರೆ ಮೂಗು ಮುರಿಯುತ್ತಿದ್ದಳು. ಜಗಳವಾಡುವ ಬದಲು ಕಳ್ಳತನ ಮಾಡಿದೆ. ಪುಡಿಯನ್ನು ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿದೆ — ಅದೂ ಮೂಸಿ ಮುಖ ತಿರುವಿತು — ಖಾಲಿ ಡಬ್ಬಿಗೆ ನನ್ನ ಹಿಟ್ಟು ತುಂಬಿದೆ. ದಿನಾ ಹಾಲಲ್ಲಿ ಕುದಿಸಿ, ಬೆಲ್ಲ ಹಾಕಿ, ನಾನೇ ಕೊಟ್ಟೆ.

“ಯವ್ವಾ, ಶೇಕ್ ಅಂದ್ರ ಇದು ನೋಡು! ನಿನ್ನ ಸಜ್ಜಿ ಗಂಜಿ ಎಲ್ಲಿ, ಇದೆಲ್ಲಿ!”

ಒಳಗೊಳಗೇ ಎಷ್ಟು ನಕ್ಕೆನೋ. ಮಗಳು ಕೆಂಪಗಾದಳು, ಮೊಮ್ಮಗ ಗುಂಡಗಾದ. ಈಗ ಅವನಿಗೆ ಮೂರು ತುಂಬಿತು, ಭೀಮವ್ವಾ! ಊರಿಗೆ ಬಂದರೆ ಇಡೀ ಓಣಿ ಅವನದೇ. ಹಂಚಿನ ಮೇಲಿನ ರೊಟ್ಟಿ ಕಸಿದುಕೊಂಡು “ಹಿಡಿ ನೋಡೂಣು, ಆಯಿ!” ಎಂದು ಓಡುತ್ತಾನೆ. ಇದನ್ನು ಬರೆಯುವಾಗಲೂ ನನ್ನ ಬೆನ್ನೇರಿ ಕೂತಿದ್ದಾನೆ. ಎದೆ ತುಂಬಿ ಬರುತ್ತದೆ — ಆ ಸಂತೋಷವೇ ನನ್ನ ಬಾಯಿ ಕಟ್ಟಿತು.

ಆ ಬಾಣಂತನದಲ್ಲೇ ಮೇಡಂ ಮತ್ತೆ ಬಂದು ರೇಣುಕಾಳ ಕೈಗೆ ಡಬ್ಬಿ, ತೊಡೆಗೆ ಕೂಸು ಕೊಟ್ಟು ಫೋಟೋ ಹೊಡೆದಳು. ಸಂಘದ ಹೆಂಗಸರ ಮುಂದೆ ತೋರಿಸಿದಳು. ನಾನೂ ಚಪ್ಪಾಳೆ ತಟ್ಟಿದೆ. ನಿನ್ನ ಸೊಸೆ ಲಕ್ಷ್ಮಿ ಆಗಷ್ಟೇ ಹೆತ್ತಿದ್ದಳು. ತಾಯಿಯಿಲ್ಲದ ಹುಡುಗಿ, ಬಾಣಂತನ ನಿನ್ನ ಮನೆಯಲ್ಲೇ. ಹತ್ತಿ ಬಿಡಿಸಿದ ಕೂಲಿಯಲ್ಲಿ ಅವಳ ಹಾಲು, ತತ್ತಿ ನಿಲ್ಲಿಸಿ ನೀನು ಡಬ್ಬಿ ತಂದೆ. ಅವಳು ದಿನದಿನಕ್ಕೆ ಸೊರಗಿದಳು. ಒಂದು ದಿನ ನನ್ನ ಅಂಗಳದಲ್ಲೇ ನೀನು ಅವಳಿಗೆ ಅಂದೆ:

“ಅದೇ ಪುಡಿ ಕುಡದು ರೇಣುಕಾ ಹ್ಯಾಂಗ್ ಆಗ್ಯಾಳ! ನಿನಗೇನ್ ಧಾಡಿ? ನಿನ್ನ ಮೈಯಾಗೇ ಐಬು ಅದ, ಖೋಟಿ ಅದ.”

ಲಕ್ಷ್ಮಿ ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಮೊರದಲ್ಲಿದ್ದ ಜೋಳದ ಹರಳು ಆರಿಸುತ್ತ ತಲೆ ಬಗ್ಗಿಸಿದೆ.

ನಿನ್ನೆ ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಆ ಡಬ್ಬಿಯ ಜಾಹೀರಾತಿನ ಕಾಗದ ಹಂಚುತ್ತಿದ್ದರು. ಅದರಲ್ಲಿ ರೇಣುಕಾಳ ಅದೇ ಫೋಟೋ! ನನ್ನ ಕೈಯ ಹಿಟ್ಟಿಗೆ ಅವರ ಹೆಸರು! ಕಾಗದವನ್ನು ಅಲ್ಲೇ ಹರಿದೆ. ಆಮೇಲೆ ಹೊಳೆಯಿತು — ಆ ಮೇಡಂ ನಂಬಿಯೇ ಹಂಚುತ್ತಿರಬಹುದು. ಗೊತ್ತಿದ್ದೂ ಸುಮ್ಮನಿದ್ದವಳು ನಾನೊಬ್ಬಳೇ. ಆ ಪುಡಿ ಒಳ್ಳೆಯದೋ ಕೆಟ್ಟದ್ದೋ, ಆಣೆ ಮಾಡಿ ಹೇಳಲಾರೆ. ರೇಣುಕಾ ಅದನ್ನು ಕುಡಿಯಲೇ ಇಲ್ಲ — ಇಷ್ಟು ಮಾತ್ರ ಖರೆ.

ಲಕ್ಷ್ಮಿ ಈಗ ಮತ್ತೆ ಬಸುರಿ. ನೀನು ಮತ್ತೆ ಡಬ್ಬಿ ತರಿಸಲು ಹೇಳಿಟ್ಟಿದ್ದೀಯಂತೆ. ಬೇಡ, ಭೀಮವ್ವಾ. ಅವಳ ಹಾಲು, ತತ್ತಿ ನಿಲ್ಲಿಸಬೇಡ.

ಇವತ್ತು ಮಧ್ಯಾಹ್ನ ನಾನು ಬರೆದ ಈ ಕಾಗದ, ಆ ಹಳೆಯ ಡಬ್ಬಿ ಎರಡನ್ನೂ ಹಿಡಿದು ನಿಮ್ಮ ಮನೆಗೆ ಬರುತ್ತೇನೆ, ರೇಣುಕಾಳನ್ನೂ ಕರೆತರುತ್ತೇನೆ. ನೀನೂ ರೇಣುಕಾಳೂ ಆಮೇಲೆ ಏನು ಬೇಕಾದರೂ ಅನ್ನಿರಿ. ಮೊದಲು ನಾನು ಲಕ್ಷ್ಮಿಯ ಎದುರು ಕೂತು, ಈ ಸಲ ತಲೆ ಬಗ್ಗಿಸದೆ ಹೇಳಬೇಕು — ಖೋಟಿ ನಿನ್ನ ಮೈಯಾಗ ಇರಲಿಲ್ಲ ಮಗಳ, ನನ್ನ ಬಾಯಾಗ ಇತ್ತು.