ಟೀಚರಿಗೆ ಅಕ್ಷರ ಹೋದದ್ದು

ಆ ಬೆಳಿಗ್ಗೆ ಸಂಘಮಿತ್ರಾ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಎಂದಿನಂತೆ ಕುರುಗೋಡಿನ ಬಸ್ಸು ಹತ್ತಿ ಕೂತೆನೆಂದುಕೊಂಡಿದ್ದಳು. ಟಿಕೆಟ್ ಕೊಡಲು ಬಂದ ಕಂಡಕ್ಟರು ನಕ್ಕ.

"ಅಕ್ಕಾರ, ಇದು ಸಿರುಗುಪ್ಪಕ್ಕ ಹೋಗಾಕತ್ತೈತಿ. ಬೋರ್ಡು ನೋಡಿ ಹತ್ತಬಾರದೇನ್ರಿ?"

ನೋಡಿಯೇ ಹತ್ತಿದ್ದಳು. ಊರ ಹೊರಗೆ ಇಳಿದು ಬಸ್ಸಿನ ಬೋರ್ಡನ್ನು ಮತ್ತೆ ದಿಟ್ಟಿಸಿದಳು. ಗುಂಡಗೆ, ಕೊಂಕಾಗಿ, ಬಾಲ ಬಿಟ್ಟುಕೊಂಡು ಏನೇನೋ ಕಂಡವು, ಒಂದೂ ಅಕ್ಷರವಾಗಲಿಲ್ಲ. ಎದುರಿನ ಗ್ಯಾರೇಜಿನ ಹೆಸರು, ಗೋಡೆಯ ಮೇಲಿನ ಸಿಮೆಂಟಿನ ಜಾಹೀರಾತು, ಎಲ್ಲವೂ ಹಾಗೆಯೇ. ಚಿಕ್ಕಂದಿನಿಂದ ಜೊತೆಗಿದ್ದ ತೆಲುಗು ಲಿಪಿಯೂ ಅವುಗಳ ಜೊತೆಗೇ ಹೋಗಿತ್ತು.

ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು ಮಿದುಳಿನಲ್ಲಿ ಸಣ್ಣದಾಗಿ ರಕ್ತ ಹೆಪ್ಪುಗಟ್ಟಿದೆ ಎಂದರು. ಹೆಸರು ಬರೆಯಿರಿ ಎಂದು ಕಾಗದ ಕೊಟ್ಟರು. ಅವಳು ಸಲೀಸಾಗಿ ಬರೆದಳು. "ಈಗ ಓದಿ" ಎಂದರು. ತನ್ನ ಕೈಯೇ ಬರೆದದ್ದು ತನಗೆ ಮೂಕವಾಗಿ ಕೂತಿತ್ತು.

"ಕಣ್ಣು ಸರಿ ಇದೆ, ಕೈ ಸರಿ ಇದೆ. ಕಂಡದ್ದು ಅಕ್ಷರ ಅಂತ ಗೊತ್ತಾಗೋ ದಾರಿ ಮುಚ್ಚಿದೆ, ಅಷ್ಟೇ."

"ಮತ್ತ ತೆರೀತೈತೇನ್ರಿ?"

"ತೆರೆಯಬಹುದು. ತೆರೆಯದೆಯೂ ಇರಬಹುದು."

ಸಂಘಮಿತ್ರಾ ಕುರುಗೋಡಿನ ಹತ್ತಿರದ ಹಳ್ಳಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಒಂದನೇ ತರಗತಿಗೆ ಅಕ್ಷರ ಕಲಿಸುವುದೇ ಅವಳ ಕೆಲಸ. ವರ್ಷವರ್ಷವೂ ಹೊಸದಾಗಿ ಆದೇಶ ಬಂದರಷ್ಟೇ ಮುಂದುವರಿಯುವ ನೌಕರಿ. ಮನೆ ನಡೆಯುವುದು ಅದರಿಂದಲೇ. ಅವಳು ಯಾರಿಗೂ ಹೇಳಲಿಲ್ಲ. ಬಿ.ಪಿ. ಏರಿತ್ತಂತೆ ಎಂದು ಅಪ್ಪನಿಗೆ ಹೇಳಿ, ರಜೆ ಮುಗಿಸಿಕೊಂಡು ಶಾಲೆಗೆ ಹೋದಳು.

ಬೋರ್ಡಿನ ಮೇಲೆ ಅಕ್ಷರಗಳು ಕೈಯಿಂದ ತಾವಾಗಿ ಇಳಿಯುತ್ತಿದ್ದವು. ಮಕ್ಕಳು ಕೂಗಿ ಓದುತ್ತಿದ್ದರು. ಭಯವೆಲ್ಲ ಸ್ಲೇಟುಗಳದ್ದು. ಮಕ್ಕಳು ಮುತ್ತಿಕೊಂಡು ಸ್ಲೇಟು ಚಾಚಿದರೆ ಅವಳು ಪ್ರತಿಯೊಬ್ಬರಿಗೂ "ಚೆಂದ ಐತಿ" ಎನ್ನುತ್ತಿದ್ದಳು. ಒಂದು ದಿನ ನಂದಿನಿ ಎಂಬ ಹುಡುಗಿ ಕದಲದೆ ನಿಂತಳು.

"ಟೀಚರ್, ನಾ ಬರೇ ಗೀಚೀನಿ."

ಸಂಘಮಿತ್ರಾ ಅವಳನ್ನು ಸುಮ್ಮಸುಮ್ಮನೆ ಗದರಿದಳು. ಆಮೇಲೆ ಬಾಗಿಲಾಚೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಳು.

ಮನೆಯಲ್ಲೂ ಬಿಡುಗಡೆಯಿರಲಿಲ್ಲ. ಅಪ್ಪ ಮಾರೆಣ್ಣ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವನು. ಮದುವೆಯಾದ ಮೇಲೆ ಸಂಜೆಯ ಸಾಕ್ಷರತಾ ತರಗತಿಗೆ ಹೋಗಿ ಅಕ್ಷರ ಕಲಿತು, ತಾನೇ ಓದಿ ಹುಡುಕಿದ ಹೆಸರನ್ನು ಮಗಳಿಗೆ ಇಟ್ಟಿದ್ದ. ಈಗ ಕಣ್ಣಿಗೆ ಪೊರೆ. ಸಕ್ಕರೆ ಇಳಿಯದೆ ಆಪರೇಷನ್ ಮುಂದಕ್ಕೆ ಹೋಗುತ್ತಿತ್ತು. ದಿನಾ ಸಂಜೆ ಪೇಪರು ಮಗಳ ಮಡಿಲಿಗೆ ಹಾಕಿ, "ಓದವ್ವ" ಎಂದು ಕೂರುತ್ತಿದ್ದ.

ಅವಳು ಓದಿದಳು. ಪೇಪರಿನ ಮೇಲೆ ಕಣ್ಣಾಡಿಸುತ್ತ, ಬಸ್ಸಿನಲ್ಲಿ ಕೇಳಿದ್ದನ್ನೂ ತಾನೇ ಕಟ್ಟಿದ್ದನ್ನೂ ಸೇರಿಸಿ ಸುದ್ದಿ ಹೇಳಿದಳು. ಹೇಳುತ್ತ ಹೇಳುತ್ತ ಸುದ್ದಿಗಳು ಒಳ್ಳೆಯವೇ ಆಗತೊಡಗಿದವು. ಒಂದು ದಿನ ಹಮಾಲರಿಗೆಲ್ಲ ಪಿಂಚಣಿ ಮಂಜೂರು ಮಾಡಿಬಿಟ್ಟಳು.

ಮರುದಿನ ಮಾರೆಣ್ಣ ಕಂಟೋನ್ಮೆಂಟಿನ ಚಹಾದಂಗಡಿಯಿಂದ ಮುಖ ಬಿಗಿದುಕೊಂಡು ಬಂದ.

"ಎಲ್ಲಾರು ನಕ್ಕರು. ಅಲ್ಲೇ ಕುಂತಿದ್ದ ಓಬಣ್ಣ ಪೇಪರು ತೆಗ್ದು ಮೊದಲಿಂದ ಕಡೀಮಟ ಓದಿದ. ಎಲ್ಲೂ ಇಲ್ಲ. ಕಣ್ಣು ಕಾಣದವಗ ಹಿಂಗ ಮಾಡ್ತಾರೇನವ್ವ?"

"ನನಗ ಓದಾಕ ಬರವಲ್ದಪ್ಪ," ಎಂದಳು ಸಂಘಮಿತ್ರಾ. ಹೇಳಿದ್ದೇ ಅಳು ತಡೆಯಲಾಗಲಿಲ್ಲ. ಅವನು ನಂಬಲಿಲ್ಲ; ಎರಡೆರಡು ಸಲ ಕೇಳಿ ಎಲ್ಲ ತಿಳಿದ ಮೇಲೆ ಅಂದಿನ ಪೇಪರನ್ನು ಅವಳ ಮಡಿಲಿಗೆ ಹಾಕಿದ. ಆಮೇಲೆ ಕೇಳಿದ:

"ಬರಿಯಾಕ ಬರ್ತೈತಲ್ಲ?"

"ಬರ್ತೈತಿ."

"ಹಂಗಾರ ಇದರಾಗಿನ ಅಕ್ಷರಾನ ಬರಿ. ನೋಡಿ ಓದಬ್ಯಾಡ, ಅದರ ಮ್ಯಾಲೇ ಬೆರಳಾಡ್ಸು. ನಾನೂ ಹಂಗೇ ಕಲ್ತಾಂವ, ಮಣ್ಣಾಗ."

ತಲೆಬರಹದ ಮೊದಲ ಅಕ್ಷರದ ಮೇಲೆ ಅವಳು ಬೆರಳು ಎಳೆದಳು. ಸುತ್ತಿ, ಮೇಲೆತ್ತಿ, ತಲೆಕಟ್ಟು ಹಾಕಿದ್ದೇ ಬೆರಳಿಗೆ ಗೊತ್ತಾಯಿತು: ಮ. ಬಾಯಿ ಬಿಟ್ಟು ಹೇಳಿದಳು. ಮುಂದಿನದಕ್ಕೆ ಹೋದಳು. ಒಂದು ತಲೆಬರಹ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದಿತ್ತು. ಒತ್ತಕ್ಷರ ಬಂದರೆ ಬೆರಳೂ ದಾರಿ ತಪ್ಪುತ್ತಿತ್ತು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕಣ್ಣು ಮಾತ್ರ ಕಲಿಯಲಿಲ್ಲ. ನಿನ್ನೆ ಗುರುತಿಸಿದ ಅಕ್ಷರ ಇಂದು ಮತ್ತೆ ಬರೀ ಗೆರೆ.

ಶಾಲೆಯಲ್ಲಿ ಅವಳು ಸ್ಲೇಟುಗಳ ಮೇಲೆ ಬೆರಳಾಡಿಸಿ ಓದತೊಡಗಿದಳು. ಅದನ್ನು ಕಂಡು ಮಕ್ಕಳೂ ಗಾಳಿಯಲ್ಲಿ ಬೆರಳಾಡಿಸಿಯೇ ಓದಲು ಶುರು ಮಾಡಿದರು. ಮುಖ್ಯೋಪಾಧ್ಯಾಯಿನಿ ಚನ್ನಬಸಮ್ಮ ಅದನ್ನು ನೋಡಿ ಕೇಳಿದರು. ಸಂಘಮಿತ್ರಾ ಈ ಸಲ ಸುಳ್ಳು ಹೇಳಲಿಲ್ಲ.

ಚನ್ನಬಸಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲೇ ಹೇಳ್ಬೇಕಿತ್ತವ್ವ. ಈ ವರ್ಸ ನಾ ಏನೂ ಕೇಳಿಲ್ಲ ಅನ್ಕೋ. ಮುಂದಿನ ವರ್ಸದ್ದು ನನ್ನ ಕೈಯಾಗಿಲ್ಲ."

"ಹೂನ್ರಿ" ಎಂದು ಸಂಘಮಿತ್ರಾ ತರಗತಿಗೆ ಬಂದಳು. ಊಟದ ಗಂಟೆ ಹೊಡೆಯಿತು. ಮಕ್ಕಳು ಸ್ಲೇಟು ಪೇರಿಸಿಟ್ಟು ತಟ್ಟೆ ಹಿಡಿದು ಓಡಿದರು. ಅವಳು ಮೇಲಿನ ಸ್ಲೇಟು ತೆಗೆದುಕೊಂಡು, ಬಳಪ ಅಳಿಸದ ಹಾಗೆ ಬೆರಳನ್ನು ಒಂದಿಷ್ಟು ಮೇಲೆ ಹಿಡಿದು ಮೊದಲ ಅಕ್ಷರ ತಿದ್ದಿದಳು. ಗೊತ್ತಾಗಲಿಲ್ಲ. ಮತ್ತೆ ತಿದ್ದಿದಳು.